ನಾಲ್ಕು ಕೊಡ ಹಿಡಿಯುವ ಪೆಟ್ಟಿಗೆ

೧೨ ಫೆಬ್ರುವರಿ ೧೯೬೨, ಸೋಮವಾರ

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಎದ್ದೆ, ಚಹಾ ಕುಡಿದೆ, ಮಲಗಿದೆ ಎಂದು ಬರೆದಿಟ್ಟು ಯಾರಿಗೇನಾಗಬೇಕು? ಆದರೆ ಈಗ ಮನೆಯಲ್ಲಿ ಜಗಳಾಡಲು ಯಾರೂ ಉಳಿದಿಲ್ಲ. ಮೂವತ್ತು ವರ್ಷ ಹೆಂಡತಿ ತುಳಸಾಳ ಜೊತೆ ಜಗಳಾಡಿ ರೂಢಿಯಾದವನು ಒಮ್ಮೆಲೇ ಬಾಯಿ ಮುಚ್ಚಿಕೊಂಡು ಹೇಗೆ ಕೂಡಬೇಕು? ಅದಕ್ಕೇ ಈ ಬರವಣಿಗೆ. ಇನ್ನೊಬ್ಬರು ಓದುವುದಕ್ಕಲ್ಲ.

ಅಷ್ಟಗ್ರಹ ಕೂಟಕ್ಕೆ ಲೋಕವೇ ಮುಳುಗುತ್ತದೆ ಎಂದು ಮಾಳಮಡ್ಡಿಯ ಓಣಿ ಓಣಿಯಲ್ಲಿ ಹೋಮ ನಡೆದಾಗ ನಾನು ನಕ್ಕಿದ್ದೆ. ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ ನಗದೆ ಏನು ಮಾಡಬೇಕು? ಲೋಕ ಮುಳುಗಲಿಲ್ಲ. ಅದರ ಮರುದಿನ ಮುಂಜಾನೆ ತುಳಸಾ ಹಿತ್ತಲ ಬಾವಿಯ ಹತ್ತಿರ ಕೊಡದ ಸಮೇತ ಬಿದ್ದಳು. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಾಯಿತು. ಮಾತು ನಿಂತಿತು. ಲಕ್ವಾ ಎಂದರು ಡಾಕ್ಟರರು. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ತಿರುಗುವ ಹೆಂಗಸು! ಮುಂಜಾನೆ ಗುಡಿ, ಮಧ್ಯಾಹ್ನ ಬಜಾರು, ಸಂಜೆ ಯಾರದೋ ಮನೆಯ ಅರಿಷಿಣ ಕುಂಕುಮ. ಆ ಹೆಂಗಸು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಕಾಯುತ್ತಾಳೆ ಎಂದರೆ ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ.

ಬಾಣಂತಿ ಖೋಲಿಯಲ್ಲಿ ಮಲಗಿಸಿದ್ದೇವೆ. ಅಡುಗೆಮನೆಯ ಪಕ್ಕದ ಸಣ್ಣ ಖೋಲಿ, ಎತ್ತರದಲ್ಲಿ ಒಂದು ಕಿಂಡಿ. ನಮ್ಮ ಮನೆಯ ಹೆರಿಗೆಗಳೆಲ್ಲ ಆದದ್ದು ಅಲ್ಲೇ. ಗಂಡ ತೀರಿದ ಮೇಲೆ ನಮ್ಮ ಜೊತೆಗೇ ಇರುವ ನನ್ನ ಅಕ್ಕ ಗೋದಾಬಾಯಿ ಅದೇ ಸರಿ ಎಂದಳು. "ಪಡಸಾಲ್ಯಾಗ ನಾಕ ಮಂದಿ ಬರ್ತಾರ, ಹೋಗ್ತಾರ. ಸೊಟ್ಟ ಮಾರಿ ಇಟಗೊಂಡು ಅಕಿ ಅಲ್ಲೆ ಮಲಗೂದು ಛಂದ ಕಾಣಸ್ತದೇನು ಬಿಂದೂ?" ಅದೂ ಖರೆ. ಗುರುವಾರಕ್ಕೊಮ್ಮೆ ಪಡಸಾಲೆಯಲ್ಲಿ ನಮ್ಮ ಹಾಡಿಕೆಯ ಬೈಠಕ್ಕು ಬೇರೆ ಇರುತ್ತದೆ.

೧೮ ಫೆಬ್ರುವರಿ, ರವಿವಾರ

ಡಾಕ್ಟರರು ಬಂದಿದ್ದರು. ನನ್ನನ್ನು ಅಂಗಳಕ್ಕೆ ಕರೆದು, ಎರಡು ಮೂರು ತಿಂಗಳೊಳಗೆ ಮಾತು ಬಂದರೆ ಬಂತು, ಇಲ್ಲದಿದ್ದರೆ ಆಸೆ ಬಿಡಬೇಕು ಎಂದರು. ಇಷ್ಟು ದೊಡ್ಡ ಮಾತನ್ನು ಸೈಕಲ್ಲಿನ ಮೇಲೆ ಒಂದು ಕಾಲಿಟ್ಟುಕೊಂಡು ಹೇಳುತ್ತಾರೆಯೆ?

"ಮಾಸ್ತರ್ರ, ಅವರ ಕಣ್ಣಿಗೆ ಏನರ ಕೆಲಸಾ ಕೊಡ್ರಿ. ಮ್ಯಾಲಿನ ತೊಲಿ ನೋಡ್ಕೋತ ಎಷ್ಟ ದಿನಾ ಮಲಗ್ಯಾರು? ಮನಸ್ಸು ಎಚ್ಚರಾತಂದ್ರ ಮಾತೂ ಬಂದೀತು," ಎಂದರು.

ಕಣ್ಣಿಗೆ ಕೆಲಸ. ಮಧ್ಯಾಹ್ನದ ಬಸ್ಸು ಹಿಡಿದು ಹಳೇ ಹುಬ್ಬಳ್ಳಿಗೆ ಹೋದೆ. ದೇವರ ಪಟಗಳಿಗೆ ಕಟ್ಟು ಹಾಕುವ ಕಾಸಿಮಸಾಬನ ಅಂಗಡಿಯಲ್ಲಿ ಹಿಂದೊಮ್ಮೆ ಗಾಜಿನ ಪೆಟ್ಟಿಗೆಯಲ್ಲಿ ಮೀನು ಕಂಡಿದ್ದೆ. ಖೋಲಿಯ ಮೂಲೆಯಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಇರುವ ಜಾಗವನ್ನು ಕೈಯಲ್ಲಿ ತೋರಿಸಿದೆ. ಅವನು ಕೆಳಗೆ ಸಣ್ಣದಾಗಿ, ಮೇಲಕ್ಕೆ ಎತ್ತರವಾಗಿ ಒಂದು ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದ.

"ಅಷ್ಟರಾಗ ಮೀನು ಇರತಾವೇನೋ?"

"ಯಾಕ ಇರೂದಿಲ್ರಿ ಮಾಸ್ತರ್ರ? ನಾಕ ಕೊಡ ನೀರ ಹಿಡೀತೈತಿ! ನಾಕ ಕೊಡದಾಗ ಒಂದ ಸಂಸಾರದ ಜಳಕಾ ಮುಗೀತೈತಿ. ಬೊಟ್ಟಿನಷ್ಟ ಮೀನಿಗೆ ಕಡಿಮಿ ಬೀಳತೈತೇನ್ರಿ?"

ಲೆಕ್ಕ ಸರಿ ಎನಿಸಿತು. ಬಾವಿಯಿಂದ ನಾಲ್ಕು ಕೊಡ ಸೇದಿದವರಿಗೆ ನಾಲ್ಕು ಕೊಡ ಎಂದರೆ ಎಷ್ಟು ಎಂದು ಗೊತ್ತು.

೨೨ ಫೆಬ್ರುವರಿ, ಗುರುವಾರ

ಮೀನು ಬಂದವು! ಅಳ್ನಾವರ ಕಡೆಯ ಹಳ್ಳದಿಂದ ಕಾಸಿಮಸಾಬನ ಪರಿಚಯದವನೊಬ್ಬ ಹಿಡಿದು ತಂದವು. ಎಂಟು. ಬೆರಳುದ್ದದ ಬೆಳ್ಳಿ ಮೈ, ಪಕ್ಕದಲ್ಲಿ ನೀಲಿ ಪಟ್ಟಿ. ಒಂದು ನಿಮಿಷ ನಿಂತಲ್ಲಿ ನಿಲ್ಲುವುದಿಲ್ಲ. "ಇವು ಹರಿಯೂ ನೀರಿನ ಮೀನರಿ, ಇವಕ್ಕ ಸುಮ್ಮನ ಕುಂದ್ರಾಕ ಬರೂದಿಲ್ಲ" ಎಂದು ಕಾಸಿಮಸಾಬ ಕಟ್ಟೆಯ ಮೇಲಿಂದಲೇ ಹೆಮ್ಮೆಯಿಂದ ಹೇಳಿದ. ಬ್ರಾಹ್ಮಣರ ಮನೆಯೊಳಗೆ ಮೀನು ಎಂದು ಗೋದಕ್ಕ ಮುಖ ಸಿಂಡರಿಸಿದಳು. ಆಮೇಲೆ ಹತ್ತಿರ ಬಂದು ನೋಡಿ, ಮತ್ಸ್ಯಾವತಾರ ಎಂದು ಕೈ ಮುಗಿದಳು. ಅವಳ ಮಡಿಯಲ್ಲಿ ಇಂಥ ಕಿಂಡಿಗಳು ಬಹಳ ಇವೆ.

ತುಳಸಾ ತಲೆ ಹೊರಳಿಸಿ ನೋಡಿದಳು. ಮೀನು ಹೋದತ್ತ ಕಣ್ಣು ಹೋಯಿತು. ತೊಲೆ ಬಿಟ್ಟು ಬೇರೊಂದನ್ನು ನೋಡಿದಳಲ್ಲ! "ನೋಡ ಗೋದಕ್ಕ, ಇಕಿ ನೋಡ್ಲಿಕತ್ತಾಳ!" ಎಂದು ನಾನು ಕೂಗಿಬಿಟ್ಟೆ.

೨ ಮಾರ್ಚ್, ಶುಕ್ರವಾರ

ಮೀನುಗಳಿಗೆ ಹಾಕುವ ಚುರುಮುರಿ ಪುಡಿ ಎಲ್ಲಿ ಎಂದರೆ ಗೋದಕ್ಕ ಡಬ್ಬಿ ಬಚ್ಚಿಟ್ಟಿದ್ದಾಳೆ. "ಇವತ್ತ ಏಕಾದಶಿ. ನಮ್ಮ ಮನಿ ಅನ್ನಾ ತಿನ್ನೂ ಮೀನ, ನಮ್ಮ ಹಂಗ ಇರಲಿ." ನಾನು ದಂಗಾದೆ. ಮೀನಿಗೂ ವೈಷ್ಣವ ದೀಕ್ಷೆ!

ಉಪವಾಸವಿದ್ದರೂ ಅವುಗಳ ಆಟ ನಿಂತಿಲ್ಲ. ಈ ಗಾಜಿನಿಂದ ಆ ಗಾಜಿಗೆ, ಆ ಗಾಜಿನಿಂದ ಈ ಗಾಜಿಗೆ, ಮೇಲಕ್ಕೆ, ಕೆಳಕ್ಕೆ. ನೋಡಲು ಬಂದ ನೆರೆಯವರೆಲ್ಲ "ಏನ ಛಂದ ಆಡತಾವ" ಎನ್ನುತ್ತಾರೆ. ತುಳಸಾ ದಿನವಿಡೀ ಅವನ್ನೇ ನೋಡುತ್ತಾಳೆ. ಕೆಲವೊಮ್ಮೆ ಅವಳ ಕಣ್ಣಿನಿಂದ ನೀರು ಇಳಿಯುತ್ತದೆ. ಲಕ್ವಾ ಆದವರಿಗೆ ಸಂತೋಷವಾದರೂ ಕಣ್ಣೀರು ಬರುತ್ತದಂತೆ.

೮ ಮಾರ್ಚ್, ಗುರುವಾರ

ಒಂದು ತಿಂಗಳ ಮೇಲೆ ಇಂದು ಬೈಠಕ್ಕು. ಯಜ್ಞೇಶ್ವರ ತಬಲಾ ಹೊತ್ತುಕೊಂಡು ಬಂದ. ಸಾಲೆಯ ದಿನಗಳಿಂದ ನನ್ನ ಗೆಳೆಯ. ನಾನು ಎಷ್ಟೇ ಕೆಟ್ಟದಾಗಿ ಹಾಡಿದರೂ ಜೊತೆ ಬಿಡದವನು.

ಏನು ಬರೆಯಲಿ, ಕೈ ಕುಣಿಯುತ್ತಿದೆ. ಪೂರಿಯಾ ಧನಾಶ್ರೀ ರಾಗ ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಠಣ್, ಠಣ್ ಎಂದು ಶಬ್ದ. ತುಳಸಾ ಎಡಗೈಯಲ್ಲಿ ತಂಬಿಗೆ ಹಿಡಿದು ಮಂಚದ ಕಟ್ಟಿಗೆಗೆ ಬಡಿಯುತ್ತಿದ್ದಾಳೆ! "ಬಿಂದೂ, ವೈನಿ ತಾಳಾ ಹಾಕ್ಲಿಕತ್ತಾರ ನೋಡೋ!" ಎಂದ ಯಜ್ಞೇಶ್ವರ. ಇಬ್ಬರಿಗೂ ಹುಚ್ಚು ಹಿಡಿದಂತಾಯಿತು. ಅವಳ ಪೆಟ್ಟು ತಾಳದ ಸಮ್‌ಗೆ ಬೀಳುತ್ತಿರಲಿಲ್ಲ, ರೋಗಿಯ ಕೈ, ಬೀಳುವುದು ಹೇಗೆ? ನಾವು ಇನ್ನೂ ಎತ್ತಿ ಹಾಡಿದೆವು. ದ್ರುತಕ್ಕೆ ಹೋದರೆ ಅವಳ ಠಣ್ ಠಣ್ಣೂ ಜೋರಾಯಿತು. ಆಮೇಲೆ ನಿಧಾನವಾಗಿ ನಿಂತಿತು. ದಣಿದಿರಬೇಕು. ಯಜ್ಞೇಶ್ವರ ಒಳಬಾಗಿಲ ಕಡೆ ಕೈ ಮುಗಿದು ಹೋದ.

ಗೋದಕ್ಕ ಗಂಜಿ ತೆಗೆದುಕೊಂಡು ಒಳಗೆ ಹೋದಳು. ನಾನೂ ಹೋಗಿ ಶಹಬ್ಬಾಸ್ ಎನ್ನಬೇಕು. ಇದೇನು, ಗೋದಕ್ಕ ಹೀಗೆ ಚೀರುತ್ತಿದ್ದಾಳೆ

೯ ಮಾರ್ಚ್, ಶುಕ್ರವಾರ

ನಿನ್ನೆಯ ಪುಟವನ್ನು ಹರಿಯಬೇಕೆಂದುಕೊಂಡೆ. ಹರಿಯಲಿಲ್ಲ.

ಎಂಟರಲ್ಲಿ ದೊಡ್ಡ ಮೀನು ಪೆಟ್ಟಿಗೆಯಿಂದ ಜಿಗಿದು ಅವಳ ಹಾಸಿಗೆಯ ಮೇಲೆ ಬಿದ್ದಿತ್ತು. ಬಲಗಡೆ, ಹೋದ ಕೈಯ ಪಕ್ಕ, ದಿಂಬು ಮತ್ತು ಭುಜದ ಸಂದಿಯಲ್ಲಿ. ಎಡಗೈ ಅಲ್ಲಿಗೆ ಮುಟ್ಟುವುದಿಲ್ಲ. ಮಗ್ಗುಲಾಗಲು ಬರುವುದಿಲ್ಲ. ಕೂಗಲು ಮಾತಿಲ್ಲ. ಅದು ಅವಳ ಕೊರಳ ಹತ್ತಿರ ಬಡಿದುಕೊಳ್ಳುತ್ತ ಬಡಿದುಕೊಳ್ಳುತ್ತ ಸತ್ತಿತು. ಅವಳು ನಮ್ಮನ್ನು ಕರೆಯಲು ತಂಬಿಗೆ ಬಡಿದಳು. ತಂಬಿಗೆ ನೆಗ್ಗಿದೆ. ಬೆರಳ ಗೆಣ್ಣು ಬಾತಿವೆ. ನಾವು ಅದಕ್ಕೆ ತಬಲಾ ಬಾರಿಸಿದೆವು.

ನಾನು ಬಾಗಿಲಲ್ಲಿ ನಿಂತಾಗ ಅವಳು ನನ್ನನ್ನು ನೋಡಿದ ರೀತಿ! ಮೂವತ್ತು ವರ್ಷದ ಜಗಳದಲ್ಲಿ ಎಂದೂ ಹಾಗೆ ನೋಡಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿ ಸಿಟ್ಟೂ ಇರಲಿಲ್ಲ. ನನಗೆ ಇವತ್ತು ಊಟ ಸೇರಲಿಲ್ಲ.

೧೧ ಮಾರ್ಚ್, ರವಿವಾರ

ಪೆಟ್ಟಿಗೆಯ ಮೇಲೆ ತೂತು ಕೊರೆದ ಹಲಗೆ ಮುಚ್ಚಿ ಕಲ್ಲು ಹೇರಿದೆ. ಇನ್ನು ಜಿಗಿಯಲಾರವು.

ಜಿಗಿಯುತ್ತವೆ. ಹಲಗೆಗೆ ತಲೆ ಬಡಿಯುತ್ತದೆ. ಟಪ್. ಸ್ವಲ್ಪ ಹೊತ್ತಿಗೆ ಮತ್ತೆ ಟಪ್. ಪಡಸಾಲೆಗೂ ಕೇಳಿಸುತ್ತದೆ. ಇಷ್ಟು ಆರೈಕೆ ಮಾಡಿದರೂ ಇವಕ್ಕೆ ಏನು ಧಾಡಿ?

೧೪ ಮಾರ್ಚ್, ಬುಧವಾರ

ಮಾತು! ಮಾತು ಬಂತು! ಗೋದಕ್ಕ ಅಡುಗೆಮನೆಯಿಂದ ಓಡಿ ಬಂದಳು. "ಬಿಂದೂ, ಅಕಿ ಏನೋ ಅಂದ್ಲೋ!" ನಾನು ಹೋದೆ. ತುಳಸಾಳ ಹಣೆಯ ಮೇಲೆ ಬೆವರು. ಬಾಯಿ ಎಳೆದು ಎಳೆದು, "ಉ... ಉದ್" ಎಂದಳು. ನನ್ನ ಕಿವಿಯಾರೆ ಕೇಳಿದೆ. ಆ ದನಿ ಅವಳದಲ್ಲ, ಯಾರೋ ಬಾವಿಯಿಂದ ಕೂಗಿದಂತಿತ್ತು. ಆದರೂ ಮಾತೇ.

"ಊದು ಅನ್ಲಿಕತ್ತಾಳ. ಊದಿನಕಡ್ಡಿ ಹಚ್ಚಂತ! ಮೀನಿನ ವಾಸನಿ ಬರ್ಲಿಕತ್ತಿರಬೇಕು," ಎಂದು ಗೋದಕ್ಕ ಒಂದು ಮುಷ್ಟಿ ಊದಿನಕಡ್ಡಿ ಹಚ್ಚಿದಳು. ಕಿಂಡಿಯೊಂದೇ ಇರುವ ಖೋಲಿ, ಹೊಗೆ ತುಂಬಿ ತುಳಸಾ ಕೆಮ್ಮಿ ಕೆಮ್ಮಿ ಕೆಂಪಾದಳು. ಊದು ಅಲ್ಲ.

೧೬ ಮಾರ್ಚ್, ಶುಕ್ರವಾರ

ಮತ್ತೆ ಅದೇ. ಉದ್. ಈ ಸಲ ಒತ್ತಿ, ಸ್ಪಷ್ಟ. ಎಡಗೈ ಎತ್ತಿ ಏನೋ ತೋರಿಸಲು ಹೋದಳು, ಕೈ ಗೋಡೆಗೆ ತಾಗಿ ನಿಂತಿತು. ಗೋದಕ್ಕ ತೊಡೆ ತಟ್ಟಿಕೊಂಡಳು. "ಉದ್ದು! ಅಯ್ಯ, ಗಂಜಿ ಕುಡದ ಕುಡದ ನಾಲಿಗಿ ಸತ್ತದ. ಉದ್ದಿನ ವಡಿ ಬೇಡ್ಲಿಕತ್ತಾಳ."

ಬೇಳೆ ನೆನೆಹಾಕಿ, ರುಬ್ಬಿ, ವಡೆ ಕರಿದದ್ದಾಯಿತು. ಮೆತ್ತಗೆ ಹಿಚುಕಿ ಬಾಯಿಗೆ ಇಟ್ಟರೆ ತುಳಸಾ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ನನಗೂ ಸಿಟ್ಟು ಬಂತು. ಬಂದದ್ದೇ ಒಂದು ಶಬ್ದ, ಅದನ್ನು ಕರಿದು ತಂದು ಕೊಟ್ಟರೆ ಬೇಡ ಎನ್ನುವುದೆ? "ಮತ್ತೇನ ಬೇಕಂತ ಇಕಿಗೆ ಕೇಳ" ಎಂದು ಗೋದಕ್ಕನಿಗೆ ಹೇಳಿ ಹೊರಗೆ ಬಂದೆ. ವಡೆ ಎಲ್ಲ ನಾನೇ ತಿಂದೆ. ಚೆನ್ನಾಗಿದ್ದವು.

೨೦ ಮಾರ್ಚ್, ಮಂಗಳವಾರ

ಓಣಿಯಲ್ಲಿ ಹೋಳಿಯ ಹಲಗೆ ಬಾರಿಸುತ್ತಿದ್ದಾರೆ. ಒಳಗೆ ಮೀನುಗಳದು ಟಪ್ ಟಪ್. ಇಂದು ಇನ್ನೊಂದು ಸತ್ತು ತೇಲಿತು. ತುಳಸಾ ಆ ಶಬ್ದವನ್ನು ಬಿಟ್ಟುಬಿಟ್ಟಿದ್ದಾಳೆ. ನಾಲ್ಕು ದಿನದಿಂದ ಏನೂ ಇಲ್ಲ. ಬಂದದ್ದೂ ಹೋಯಿತೇನೋ.

೨೫ ಮಾರ್ಚ್, ರವಿವಾರ

ಬರೆಯುವ ಮೊದಲು ಎರಡು ಸಲ ಚಹಾ ಕುಡಿದೆ.

ಪೆಟ್ಟಿಗೆಯ ಗಾಜಿಗೆ ಪಾಚಿ ಹಿಡಿದಿತ್ತು. ತೊಳೆಯಬೇಕೆಂದು ಉಳಿದ ಆರು ಮೀನನ್ನು ಹಿತ್ತಲಿನ ಕಲ್ಲಿನ ಬಾನಿಗೆ ಬಿಟ್ಟೆ. ಹಿಂದೆ ಮನೆಯಲ್ಲಿ ಎಮ್ಮೆ ಇದ್ದಾಗ ನೀರು ಕುಡಿಸುತ್ತಿದ್ದ ಬಾನಿ. ನಾಲ್ಕು ಮೊಳ ಉದ್ದ, ಆಳ ಏನೂ ಇಲ್ಲ. ಬಿಟ್ಟ ಕೂಡಲೇ ಆರೂ ಒಂದು ಮೂಲೆಯಲ್ಲಿ ಗುಂಪಾಗಿ ನಿಂತವು. ನೀರು ಸೇರಲಿಲ್ಲವೇನೋ, ಸತ್ತೇ ಹೋಗುತ್ತವೆ ಎಂದು ಗಾಬರಿಯಾದೆ. ಆಮೇಲೆ ಒಂದು ಮೀನು ಹೊರಟಿತು. ಹಿಂದೆ ಉಳಿದವು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ, ಒಂದರ ಹಿಂದೆ ಒಂದು. ಎಲ್ಲೂ ತಡೆಯಲಿಲ್ಲ, ಯಾವುದಕ್ಕೂ ಬಡಿಯಲಿಲ್ಲ. ಆ ತುದಿಯಲ್ಲಿ ಹೊರಳಿ ಮತ್ತೆ ಈ ಕಡೆಗೆ. ನಾನು ಚೆಂಬು ಹಿಡಿದು ಹಾಗೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ.

ಬಾಗಿ ನೋಡಿದೆ. ಆರಕ್ಕೆ ಆರೂ ಮೂತಿ ತರಚಿ ಬೆಳ್ಳಗಾಗಿದೆ. ಒಂದರ ಮೇಲ್ದುಟಿಯೇ ಇಲ್ಲ. ಒಂದು ಸಲ ಬಾಲ ಬೀಸಿದರೆ ಗಾಜು, ಇನ್ನೊಂದು ಸಲ ಬೀಸಿದರೆ ಗಾಜು. ಅದು ಆಟವಾಗಿರಲಿಲ್ಲ. ಹಣೆ ಚಚ್ಚಿಕೊಳ್ಳುತ್ತಿದ್ದವು! ಮಾಳಮಡ್ಡಿಯ ಅರ್ಧ ಓಣಿ ಬಂದು ಅದನ್ನು ನೋಡಿ ಛಂದ ಎಂದಿತು, ನಾನು ಎಲ್ಲರಿಗೂ ಚಹಾ ಕೊಟ್ಟೆ. ಬಾನಿಯಲ್ಲಿ ಇದ್ದದ್ದು ಕೂಡ ನಾಲ್ಕು ಕೊಡಕ್ಕಿಂತ ಹೆಚ್ಚಿನ ನೀರಲ್ಲ. ನೀರು ಅಷ್ಟೇ. ಉದ್ದ ಬೇರೆ.

ಉದ್ದ!

ಒದ್ದೆ ಧೋತರದಲ್ಲೇ ಒಳಗೆ ಓಡಿದೆ. "ತುಳಸಾ, ಉದ್ದ ಅಂದ್ಯಾ? ಪೆಟಗಿ ಉದ್ದ ಬೇಕು ಅಂದ್ಯಾ?"

ಅವಳು ಕಣ್ಣು ಮುಚ್ಚಿದಳು. ಅವಳ ಮುಖದ ಸರಿಯಿದ್ದ ಅರ್ಧ ಅಳತೊಡಗಿತು. "ಉದ್ದ," ಎಂದಳು. "ಉದ್ದ, ಉದ್ದ." ನಾನು ಆ ಮಂಚದ ತುದಿಯಲ್ಲಿ ಎಷ್ಟು ಹೊತ್ತು ಕುಳಿತೆನೋ. ಒಂದು ತಿಂಗಳು ಮಲಗಿದಲ್ಲಿಂದಲೇ ಎಲ್ಲ ನೋಡಿ, ಇದ್ದ ಒಂದೇ ಶಬ್ದವನ್ನು ಅವಳು ಅವುಗಳ ಸಲುವಾಗಿ ಖರ್ಚು ಮಾಡಿದಳು. ನಾವು ಅದಕ್ಕೆ ಊದಿನಕಡ್ಡಿ ಹಚ್ಚಿದೆವು.

೨೭ ಮಾರ್ಚ್, ಮಂಗಳವಾರ

ಹುಬ್ಬಳ್ಳಿಗೆ ಹೋಗಿ ಬಂದೆ. ಕಾಸಿಮಸಾಬನಿಗೆ ನಾಲ್ಕು ಮೊಳದ ಪೆಟ್ಟಿಗೆ ಬೇಕು ಎಂದರೆ ನಂಬಲೊಲ್ಲ.

"ಅಷ್ಟ ಉದ್ದ ಮಾಡಿದ್ರ ಎತ್ತರ ಕಡಿಮಿ ಮಾಡಬೇಕಾಕ್ಕೈತ್ರಿ. ನೋಡಾವ್ರಿಗೆ ಮಜಾ ಬರೂದಿಲ್ಲ. ಎಷ್ಟ ಕೊಡದ್ದು ಬೇಕು, ಅದನ್ನ ಹೇಳ್ರಿ."

"ಕೊಡದ ಲೆಕ್ಕಾ ಸಾಕೋ ಮಾರಾಯಾ! ಓಡೂ ಮೀನಿಗೆ ಮೊಳದ ಲೆಕ್ಕಾ. ಕುಡಿಯೋ ನೀರಿಗೆ ಕೊಡಾ."

ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ತನ್ನ ಅಂಗಡಿಯಲ್ಲಿರುವ ಮೀನುಗಳ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಬಟ್ಟೆ ಅಂಗಡಿಯೊಂದಕ್ಕೆ ತಂದಿಟ್ಟ ದೊಡ್ಡ ಗಾಜು ಇದೆ, ಅದನ್ನೇ ಹಾಕುತ್ತೇನೆ ಎಂದ.

ಬಾಣಂತಿ ಖೋಲಿಯಲ್ಲಿ ಅದು ಹಿಡಿಸುವುದಿಲ್ಲ, ಪಡಸಾಲೆಯಲ್ಲಿ ಇಡಬೇಕು. ಅಲ್ಲಿಯವರೆಗೆ ಮೀನು ಬಾನಿಯಲ್ಲೇ ಇರಲಿ. ಕಾಗೆ ಮುಟ್ಟದಂತೆ ಹಳೆಯ ಸೊಳ್ಳೆಪರದೆ ಹೊದಿಸಿದ್ದೇನೆ. ಎತ್ತರದ ಪೆಟ್ಟಿಗೆ ಸುಮ್ಮನೆ ಯಾಕೆ ಇರಬೇಕೆಂದು ಗೋದಕ್ಕ ಅದರಲ್ಲಿ ಈ ವರ್ಷದ ಹಪ್ಪಳ ತುಂಬಿಟ್ಟಿದ್ದಾಳೆ.

೫ ಏಪ್ರಿಲ್, ಗುರುವಾರ, ಯುಗಾದಿ

ಶುಭಕೃತ್ ಸಂವತ್ಸರ ಹೆಸರಿಗೆ ತಕ್ಕಂತೆ ಬಂತು. ನಿನ್ನೆ ಹೊಸ ಪೆಟ್ಟಿಗೆ ಕೂಡಿಸಿದೆವು. ಪಡಸಾಲೆಯ ಗೋಡೆಗುಂಟ, ಕಿಟಕಿಯಿಂದ ತಕ್ಕಷ್ಟು ದೂರದಲ್ಲಿ, ಬಿಸಿಲು ನೇರ ಬೀಳದ ಕಡೆ. ಬಾವಿಯ ನೀರು ತುಂಬಿ ಒಂದು ದಿನ ಹಾಗೇ ಬಿಟ್ಟು ಇಂದು ಮುಂಜಾನೆ ಬೇವು ಬೆಲ್ಲ ತಿಂದ ಮೇಲೆ ಮೀನು ಬಿಟ್ಟೆ. ಮೇಲೆ ಹಲಗೆ ಇಲ್ಲ, ಜಾಳಿಗೆ ಮಾತ್ರ. ದಿನವಿಡೀ ಕಿವಿಗೊಟ್ಟೆ, ಒಂದು ಸಲವೂ ಟಪ್ ಎನ್ನಲಿಲ್ಲ!

ಅವುಗಳ ನಡೆಯನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮುಂದಾಳು ಯಾರು ಎಂದು ಗೊತ್ತುಮಾಡಲು ನೋಡಿದೆ, ಆಗಲಿಲ್ಲ. ಹೊರಳಿದಾಗ ಹಿಂದಿನದೇ ಮುಂದಿನದಾಗುತ್ತದೆ. ನಡುವೆ ಒಂದು ಆಚೆ ಹೋದರೆ ಉಳಿದವು ನಿಧಾನ ಮಾಡುತ್ತವೆ. ಮೂತಿಗಳೂ ಮಾಯತೊಡಗಿವೆ. ಸಂಜೆ ಯಜ್ಞೇಶ್ವರ ಬಂದವನು ತಬಲಾದ ಗವಸು ಬಿಚ್ಚುವುದನ್ನೇ ಮರೆತ. "ಬಿಂದೂ, ಇವು ಅವೇ ಮೀನೇನೋ?" ಎಂದು ಕೇಳಿದ. ಅವೇ, ಎಂದೆ. ಜಾಗ ಮಾತ್ರ ಬೇರೆ, ಎಂದೆ. ಇನ್ನು ಹೆಚ್ಚು ಮೀನು ತಂದು ತುರುಕಬಾರದು ಎಂದೂ ಅವನಿಗೆ ದೊಡ್ಡ ಪಾಠ ಹೇಳಿದೆ. ಬಹಳ ದಿನಗಳ ಮೇಲೆ ಮಾಸ್ತರಿಕೆ ಮಾಡಿದಂತಾಯಿತು.

೭ ಏಪ್ರಿಲ್, ಶನಿವಾರ

ಮೀನು ನೋಡಲು ಇವತ್ತೂ ಮಂದಿ. ಎಲ್ಲರಿಗೂ ಉದ್ದದ ಮಹತ್ವ ತಿಳಿಸಿ ಹೇಳಿದೆ. ತುಳಸಾ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ ಎಂದು ಗೋದಕ್ಕ ಹೇಳಿದಳು. ಬೇಸಿಗೆ, ಯಾರಿಗೆ ಹಸಿವೆ ಇರುತ್ತದೆ?

೧೧ ಏಪ್ರಿಲ್, ಬುಧವಾರ

ಇದನ್ನು ಹೇಗೆ ಬರೆಯಬೇಕೋ ತಿಳಿಯದು.

ಸಂಜೆ ಗಂಜಿ ಕುಡಿಸಲು ನಾನೇ ಹೋದೆ. ಬಾಯಿ ತೆರೆಯಲೊಲ್ಲಳು. ಖುಷಿಪಡಿಸೋಣ ಎಂದು ಮೀನುಗಳ ಸುದ್ದಿ ತೆಗೆದೆ. ಬಟ್ಟಲು ಕೆಳಗಿಟ್ಟು, ಅವು ಹೇಗೆ ಹೋಗುತ್ತವೆ, ಹೇಗೆ ಹೊರಳುತ್ತವೆ ಎಂದು ಕೈಯಿಂದ ಮಾಡಿ ತೋರಿಸಿದೆ. "ನೀ ಹೇಳಿದ್ದು ಖರೇ ಆತು ತುಳಸಾ. ಗಿಡ್ಡ ಜಾಗಾದಾಗ ಇಟ್ಟಿದ್ದಕ್ಕ ಅವು ಸಾಯ್ಲಿಕತ್ತಿದ್ವು. ಓಡ್ಯಾಡೂ ಜೀವಕ್ಕ ಉದ್ದ ಜಾಗಾ ಬೇಕು ನೋಡು. ಈಗ ಹೆಂಗ ಅವ ಅಂತಿ!"

ಅವಳು ನನ್ನನ್ನೇ ನೋಡುತ್ತಿದ್ದಳು. ಹಪ್ಪಳ ತುಂಬಿದ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎಡಗೈ ಎತ್ತಿ ತಲೆಯ ಹಿಂದಿನ ಗೋಡೆ ಮುಟ್ಟಿದಳು. ಪಕ್ಕದ ಗೋಡೆ ಮುಟ್ಟಿದಳು. ಆ ಕೈಯನ್ನು ನಿಧಾನವಾಗಿ ತನ್ನ ಎದೆಯ ಮೇಲೆ ತಂದಿಟ್ಟುಕೊಂಡಳು.

"ನಾ?" ಎಂದಳು.

ಕೇಳಿಸಲಿಲ್ಲ ಎಂಬಂತೆ ಗಂಜಿ ಕಲಕಿದೆ. ಅವಳು ಮತ್ತೊಮ್ಮೆ ಹೇಳಲಿಲ್ಲ. ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಬಂದು, ಅಲ್ಲಿಂದ ಹಿತ್ತಲಿಗೆ ಹೋಗಿ ಬಾನಿಯ ಹತ್ತಿರ ನಿಂತೆ. ಮೀನಿಗೆ ಜಾಗ ಹುಡುಕಿ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದೆನಲ್ಲ ನಾನು!

೧೨ ಏಪ್ರಿಲ್, ಗುರುವಾರ

ತುಳಸಾಳನ್ನು ಪಡಸಾಲೆಗೆ ತರುವುದು ಎಂದೆ. ಗೋದಕ್ಕ ಹೌಹಾರಿದಳು. "ಬೈಠಕ್ಕಿನ ಮಂದಿ ಎಲ್ಲೆ ಕೂಡಬೇಕು?" ಎಲ್ಲಾದರೂ ಕೂಡಲಿ, ಇಲ್ಲವಾದರೆ ನಿಲ್ಲಲಿ ಎಂದೆ. "ಯಾವಾಗ?" ಈಗ.

ಗಾದಿಯ ನಾಲ್ಕು ಮೂಲೆ ಹಿಡಿದು ಎತ್ತಬೇಕು, ನಾಲ್ಕು ಮಂದಿ ಬೇಕು. ಯಜ್ಞೇಶ್ವರ ಬಂದಿದ್ದ. ಹೊಸ ಪೆಟ್ಟಿಗೆ ಸೋರುತ್ತದೆಯೇ ನೋಡಲು ಕಾಸಿಮಸಾಬ ಬಂದು ಕಟ್ಟೆಯ ಮೇಲೆ ಕುಳಿತಿದ್ದ. "ಬಾರೋ ಕಾಸಿಮಸಾಬ, ಕೈ ಹಚ್ಚು" ಎಂದೆ. ಅವನು ಎದ್ದು ಪಡಸಾಲೆ ದಾಟಿದವನು ಅಡುಗೆಮನೆಯ ಹೊಸ್ತಿಲ ಹತ್ತಿರ ಗಕ್ಕನೆ ನಿಂತ. ಬಾಣಂತಿ ಖೋಲಿಗೆ ಅಡುಗೆಮನೆ ದಾಟಿಯೇ ಹೋಗಬೇಕು. ಅಲ್ಲಿ ಗೋದಕ್ಕ ಮಡಿಯಲ್ಲಿ ನಿಂತಿದ್ದಳು, ಒಲೆಯ ಮೇಲೆ ದೇವರ ನೈವೇದ್ಯ. ಈ ಮನೆ ಕಟ್ಟಿದಾಗಿನಿಂದ ಬೇರೆ ಜಾತಿಯವರು ದಾಟದ ಹೊಸ್ತಿಲು.

"ನಾ ಇಲ್ಲೇ ನಿಂದರ್ತೇನ್ರಿ ಬಾಯಾರ. ಬ್ಯಾರೆ ಯಾರನರ ಕರೀರಿ," ಎಂದ ಕಾಸಿಮಸಾಬ.

ಒಳಗಿನಿಂದ ಠಣ್ ಎಂದಿತು. ಮಂಚದ ಕಟ್ಟಿಗೆಗೆ ತಂಬಿಗೆ. ಮತ್ತೆ ಠಣ್.

ಗೋದಕ್ಕನ ಮುಖದ ಬಣ್ಣವೇ ಹೋಯಿತು. ಒಲೆಯ ಮೇಲಿನ ಪಾತ್ರೆ ಇಳಿಸಿದಳು, ಸೆರಗು ಸೊಂಟಕ್ಕೆ ಕಟ್ಟಿದಳು. "ನಿಂತು ಏನ ನೋಡ್ತೀಯಪಾ? ಒಳಗ ಬಾ. ಯಜ್ಞೇಶ್ವರಾ, ನೀ ತಲಿ ಕಡೆ ಹಿಡಿ. ಕಾಲ ಕಡೆ ನಾನೂ ಇಂವಾ ಹಿಡೀತೇವಿ," ಎಂದಳು. ನಾನು ಬೆಪ್ಪಾಗಿ ನೋಡಿದೆ. ನನ್ನ ಅಕ್ಕ ಮಡಿಸೀರೆಯಲ್ಲಿ ಕಾಸಿಮಸಾಬನ ಪಕ್ಕ ನಿಂತು ಗಾದಿ ಎತ್ತಿದಳು!

ಪಡಸಾಲೆಯ ಹಲಗೆಮಂಚದ ಮೇಲೆ, ಮೀನುಗಳ ಎದುರಿಗೇ ಇಳಿಸಿದೆವು. ಆರು ಮೀನೂ ಈ ತುದಿಯಿಂದ ಆ ತುದಿಗೆ ಹೋದವು. ತುಳಸಾ ನೋಡಿದಳು. ಅವು ಹೊರಳಿ ಬರುವವರೆಗೆ ನೋಡಿದಳು. ನಾವು ನಾಲ್ವರೂ ಅವಳ ಮುಖ ನೋಡುತ್ತ ನಿಂತಿದ್ದೆವು. ಈಗ ನಗುತ್ತಾಳೆ, ಈಗ ನಗುತ್ತಾಳೆ.

ಅವಳು ತಲೆ ಹೊರಳಿಸಿದಳು. ಬಾಗಿಲು ತೆರೆದಿತ್ತು. ಆಚೆ ಕಟ್ಟೆ, ಕಟ್ಟೆಯ ಆಚೆ ಓಣಿ. ಯಾರೋ ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಿದ್ದರು.

"ಇನ್ನ," ಎಂದಳು.

ಹಲಗೆಮಂಚವನ್ನು ಬಾಗಿಲವರೆಗೆ ಎಳೆದೆವು. ಅವಳ ಮುಖದ ಮೇಲೆ ಬಿಸಿಲು ಬಿತ್ತು. ಕಣ್ಣು ಕಿರಿದು ಮಾಡಿದಳು, ಮುಚ್ಚಲಿಲ್ಲ.

"ಇನ್ನ."

"ಇನ್ನ ಮುಂದ ಕಟ್ಟಿ ಅದವಾ, ಅದರ ಆಚೆ ರಸ್ತೇನ! ಮಂದಿ ನೋಡ್ತಾರ," ಎಂದಳು ಗೋದಕ್ಕ.

ತುಳಸಾ ಅವಳ ಕಡೆ ನೋಡಲೂ ಇಲ್ಲ. ಎಡಗೈಯನ್ನು ಉದ್ದಕ್ಕೆ ಚಾಚಿದಳು. ಈ ಸಲ ಆ ಕೈ ಯಾವ ಗೋಡೆಗೂ ತಾಗಲಿಲ್ಲ.

"ಇನ್ನ," ಎಂದಳು.

ನಾಲ್ವರೂ ಮತ್ತೆ ಗಾದಿಯ ಮೂಲೆ ಹಿಡಿದೆವು.